ಸಿಂಕ್ರೊಟ್ರಾನ್ ಕ್ಷ-ಕಿರಣಗಳೂ ಪ್ರಾಚೀನ ಹಸ್ತಪ್ರತಿಗಳ ಪರೀಕ್ಷೆಯೂ: ಸಂಶೋಧಕರು ಅರಿತಿರಬೇಕಾದ ಕ್ರಮ

೧. ಪೀಠಿಕೆ

ಗ್ರಂಥಸಂಪಾದಕನಿಗೆ ಒದಗುವ ಕಷ್ಟಗಳು ಮುಖ್ಯವಾಗಿ ಎರಡು. ಅಕ್ಷರಗಳು ಕಾಣುತ್ತಿದ್ದು ಪಾಠವು ಸಂದಿಗ್ಧವಾಗಿರುವುದು ಒಂದು. ಅಕ್ಷರಗಳೇ ಕಾಣದೆಹೋಗಿರುವುದು ಮತ್ತೊಂದು. ಮೊದಲನೆಯದನ್ನು ವ್ಯುತ್ಪತ್ತಿಯಿಂದಲೂ ಪ್ರತ್ಯಂತರಗಳ ಸಾಹಾಯ್ಯದಿಂದಲೂ ಪರಿಹರಿಸಿಕೊಳ್ಳಬಹುದು. ಎರಡನೆಯದಕ್ಕೆ ಪಾಂಡಿತ್ಯವೊಂದೇ ಸಾಲದು. ಕೆರೆದು ಅಳಿಸಿದ ಬರಹ, ಮೇಲೆ ಬಣ್ಣ ಬಳಿದು ಮುಚ್ಚಿದ ಬರಹ, ಬೆಂಕಿಯಲ್ಲಿ ಬೆಂದು ಕರಿಕಾಗಿ ಬಿಚ್ಚಿದೊಡನೆ ಪುಡಿಯಾಗುವ ಸುರುಳಿ, ಇವುಗಳ ಮುಂದೆ ಎಂತಹ ವಿದ್ವಾಂಸನ ಕಣ್ಣೂ ಸೋಲುತ್ತದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಿಂದೀಚೆಗೆ ಇಂತಹ ಕೆಲವು ಪ್ರತಿಗಳನ್ನು ಸಿಂಕ್ರೊಟ್ರಾನ್ ಎಂಬ ಮಹಾಯಂತ್ರದ ಕ್ಷ-ಕಿರಣಗಳಿಂದ ಓದಿದ್ದಾರೆ. ಈ ಕಾರ್ಯದಲ್ಲಿ ಭೌತವಿಜ್ಞಾನಿಗಳಿಗೆಷ್ಟು ಪಾತ್ರವುಂಟೋ ಭಾಷಾಶಾಸ್ತ್ರಜ್ಞರಿಗೂ ಅಷ್ಟೇ ಪಾತ್ರವುಂಟು. ಆದಕಾರಣ ಈ ಕಿರಣಗಳ ಸ್ವರೂಪವೇನು, ಅವು ಯಾವ ಪ್ರತಿಗಳಿಗೆ ಉಪಯುಕ್ತ, ಯಾವುವಕ್ಕೆ ಅಲ್ಲ, ಅವುಗಳನ್ನು ಬಳಸಹೊರಟ ಸಂಶೋಧಕನು ಯಾವ ಕ್ರಮವನ್ನು ಅನುಸರಿಸಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

೨. ಕಿರಣದ ಉತ್ಪತ್ತಿ

ಎಲೆಕ್ಟ್ರಾನುಗಳನ್ನು ಬೆಳಕಿನ ವೇಗಕ್ಕೆ ಅತ್ಯಂತ ಸಮೀಪವಾದ ವೇಗದಲ್ಲಿ ಓಡಿಸಿ, ಬಲವಾದ ಅಯಸ್ಕಾಂತಗಳಿಂದ ಅವುಗಳ ಹಾದಿಯನ್ನು ಬಾಗಿಸಿದರೆ, ಬಾಗುವೆಡೆಯಲ್ಲಿ ಅವು ಬೆಳಕನ್ನು ಸೂಸುತ್ತವೆ. ೧೯೪೭ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಸ್ಕೆನೆಕ್ಟಡಿ ನಗರದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಈ ಬೆಳಕು ಮೊದಲು ಕಣ್ಣಿಗೆ ಬಿತ್ತು. ಕಣಗಳ ಶಕ್ತಿಯನ್ನು ವ್ಯಯಮಾಡುವುದರಿಂದ ಕೆಲವು ಕಾಲ ಇದನ್ನು ಒಂದು ಉಪದ್ರವವೆಂದೇ ಎಣಿಸುತ್ತಿದ್ದರು. ಕ್ರಮೇಣ ಇದನ್ನೇ ಉದ್ದೇಶಿಸಿ ಯಂತ್ರಗಳನ್ನು ಕಟ್ಟಲಾರಂಭಿಸಿದರು.

ಇಂತಹ ಯಂತ್ರವು ಒಂದು ದೊಡ್ಡ ಉಂಗುರದ ಆಕಾರದಲ್ಲಿರುತ್ತದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿರುವ ಯೂರೋಪಿನ ಉಂಗುರದ ಸುತ್ತಳತೆ ೮೪೪ ಮೀಟರು. ಅದರಲ್ಲಿ ಎಲೆಕ್ಟ್ರಾನುಗಳ ಶಕ್ತಿ ೬೦೦ ಕೋಟಿ ಎಲೆಕ್ಟ್ರಾನ್ ವೋಲ್ಟು. ಭಾರತದಲ್ಲಿ ಇಂದೋರಿನ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರದಲ್ಲಿ ಇಂಡಸ್-೧, ಇಂಡಸ್-೨ ಎಂಬ ಎರಡು ಉಂಗುರಗಳಿವೆ. ಇಂಡಸ್-೨ರ ಸುತ್ತಳತೆ ಸುಮಾರು ೧೭೨ ಮೀಟರು, ಶಕ್ತಿ ೨೫೦ ಕೋಟಿ ಎಲೆಕ್ಟ್ರಾನ್ ವೋಲ್ಟು. ಈ ಕೇಂದ್ರಕ್ಕೆ ಯಾರ ಹೆಸರನ್ನಿಟ್ಟಿದ್ದಾರೆಯೋ ಆ ರಾಜಾ ರಾಮಣ್ಣನವರು ತುಮಕೂರು ಜಿಲ್ಲೆಯಲ್ಲಿ ಜನಿಸಿದವರು.

ಉಂಗುರದಿಂದ ಬೆಳಕು ಸ್ಪರ್ಶರೇಖೆಯ ದಿಕ್ಕಿನಲ್ಲಿ ಹೊರಬರುತ್ತದೆ. ಅದು ಹೊರಬರುವ ಒಂದೊಂದೆಡೆಯಲ್ಲಿಯೂ ಕೊಳವೆ, ಕನ್ನಡಿ, ಸ್ಫಟಿಕ, ಪರೀಕ್ಷಾಕೋಷ್ಠ ಇವುಗಳನ್ನೊಳಗೊಂಡ ಒಂದು ಏರ್ಪಾಡಿರುತ್ತದೆ. ಇದಕ್ಕೆ ಬೀಮ್‌ಲೈನ್ ಎಂದು ಹೆಸರು; ಕಿರಣಪಥವೆನ್ನಬಹುದು. ಆಸ್ಪತ್ರೆಯ ಕ್ಷ-ಕಿರಣಕ್ಕೂ ಇದಕ್ಕೂ ಇರುವ ಭೇದಗಳು ಮೂರು: ಇದು ಅತ್ಯಂತ ಪ್ರಖರವಾದದ್ದು, ತಲೆಗೂದಲಿಗಿಂತ ಸಪುರವಾಗಿ ಇದನ್ನು ಕೇಂದ್ರೀಕರಿಸಬಹುದು, ಬೇಕಾದ ಶಕ್ತಿಯ ಕಿರಣವನ್ನು ಮಾತ್ರ ಆರಿಸಿಕೊಳ್ಳಬಹುದು. ಹಸ್ತಪ್ರತಿಗಳ ಪರೀಕ್ಷೆಗೆ ಈ ಮೂರನೆಯ ಗುಣವು ವಿಶೇಷವಾಗಿ ಒದಗುತ್ತದೆ.

೩. ಪರೀಕ್ಷೆಯ ಎರಡು ಮಾರ್ಗಗಳು

ಮೊದಲನೆಯದು ಪ್ರತಿದೀಪ್ತಿಯ ಮಾರ್ಗ. ತಕ್ಕಷ್ಟು ಶಕ್ತಿಯುಳ್ಳ ಕ್ಷ-ಕಿರಣವು ತಾಗಿದಾಗ ಪ್ರತಿಯೊಂದು ಮೂಲವಸ್ತುವೂ ತನಗೇ ವಿಶಿಷ್ಟವಾದ ಶಕ್ತಿಯ ಮತ್ತೊಂದು ಕಿರಣವನ್ನು ಹೊರಸೂಸುತ್ತದೆ. ಕಬ್ಬಿಣದ ಕಿರಣದ ಶಕ್ತಿ ೬.೪ ಕಿಲೋ ಎಲೆಕ್ಟ್ರಾನ್ ವೋಲ್ಟು. ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿನದು ೩.೭. ಪ್ರತಿಯನ್ನು ಕಿರಣದ ಮುಂದೆ ಸಾಲುಸಾಲಾಗಿ ಸರಿಸುತ್ತ, ಯಾವ ಬಿಂದುವಿನಲ್ಲಿ ಎಷ್ಟು ಕಬ್ಬಿಣವಿದೆಯೆಂದು ಗುರುತಿಸಿದರೆ, ಕಬ್ಬಿಣದ ಒಂದು ಚಿತ್ರಪಟವೇ ಸಿದ್ಧವಾಗುತ್ತದೆ. ಮಸಿಯಲ್ಲಿ ಕಬ್ಬಿಣವಿದ್ದ ಪಕ್ಷದಲ್ಲಿ ಆ ಚಿತ್ರಪಟವೇ ಬರಹ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಆರ್ಕಿಮಿಡೀಸನ ಗ್ರಂಥ. ಕ್ರಿ. ಶ. ಹತ್ತನೆಯ ಶತಮಾನದಲ್ಲಿ ಚರ್ಮಪತ್ರದ ಮೇಲೆ ನಕಲುಮಾಡಿದ ಈ ಪ್ರತಿಯನ್ನು ಹದಿಮೂರನೆಯ ಶತಮಾನದಲ್ಲಿ ಕೆರೆದು ಅಳಿಸಿ, ಅದರ ಮೇಲೆ ಕ್ರೈಸ್ತರ ಪ್ರಾರ್ಥನೆಗಳನ್ನು ಬರೆದರು. ೧೯೦೬ರಲ್ಲಿ ಡೆನ್ಮಾರ್ಕಿನ ಹೈಬರ್ಗ್ ಎಂಬ ವಿದ್ವಾಂಸರು ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಇದನ್ನು ಪರಿಶೀಲಿಸಿ, ಅಡಿಯ ಬರಹವನ್ನು ಬಹುಭಾಗ ಓದಿದರು. ಆಮೇಲೆ ಇಪ್ಪತ್ತನೆಯ ಶತಮಾನದಲ್ಲಿಯೇ ಯಾರೋ ಕೆಲವು ಪುಟಗಳ ಮೇಲೆ ಚಿನ್ನದ ಹಿನ್ನೆಲೆಯ ಕೃತಕಚಿತ್ರಗಳನ್ನು ಬರೆದು ಅಡಿಯ ಎರಡು ಬರಹಗಳನ್ನೂ ಮುಚ್ಚಿಬಿಟ್ಟರು. ೧೯೯೮ರಲ್ಲಿ ಪ್ರತಿಯು ಹರಾಜಾಗಿ, ಮಾರನೆಯ ವರ್ಷ ಬಾಲ್ಟಿಮೋರಿನ ವಾಲ್ಟರ್ಸ್ ವಸ್ತುಸಂಗ್ರಹಾಲಯಕ್ಕೆ ಪರೀಕ್ಷಾರ್ಥವಾಗಿ ಬಂದಿತು. ೨೦೦೫-೦೬ರಲ್ಲಿ ಊವೆ ಬರ್ಗ್‌ಮನ್ ಎಂಬ ಭೌತವಿಜ್ಞಾನಿಗಳು ಸ್ಟ್ಯಾನ್‌ಫರ್ಡಿನ ಸಿಂಕ್ರೊಟ್ರಾನಿನಲ್ಲಿ ಅದರ ಕೆಲವು ಪುಟಗಳ ಕಬ್ಬಿಣದ ಚಿತ್ರಪಟವನ್ನು ತೆಗೆದರು. ಬಣ್ಣದ ಅಡಿಯ ಗ್ರೀಕ್ ಅಕ್ಷರಗಳು ಕಾಣಿಸಿಕೊಂಡುವು. ಪ್ರಾರ್ಥನಾಗ್ರಂಥವನ್ನು ೧೨೨೯ನೆಯ ಇಸವಿಯಲ್ಲಿ ಬರೆದ ಲಿಪಿಕಾರನ ಹೆಸರು ಯೋಹಾನ್ನೆಸ್ ಮೈರೋನಾಸ್ ಎಂಬುದೂ ಹೀಗೆಯೇ ಗೊತ್ತಾಯಿತು.

ಎರಡನೆಯದು ಅಂತರ್ದರ್ಶನದ ಮಾರ್ಗ. ಸುತ್ತಿದ ಸುರುಳಿಯನ್ನು ಬಿಚ್ಚದೆಯೇ, ಕಿರಣದ ಮುಂದೆ ತಿರುಗಿಸುತ್ತ ಸಾವಿರಾರು ಛಾಯೆಗಳನ್ನು ತೆಗೆದು, ಗಣಕಯಂತ್ರದ ಮೂಲಕ ಒಳಗಿನ ಪದರಗಳನ್ನು ಮರುರಚಿಸುವುದು ಇದರ ಕ್ರಮ. ಕಿರಣವು ಹೀರಲ್ಪಟ್ಟ ಪ್ರಮಾಣವನ್ನು ಮಾತ್ರವಲ್ಲದೆ, ವಸ್ತುವಿನ ಅಂಚುಗಳಲ್ಲಿ ಅದು ಪಡೆಯುವ ಅತ್ಯಲ್ಪ ವ್ಯತ್ಯಾಸವನ್ನೂ ಗ್ರಹಿಸುವುದರಿಂದ, ಸಾಧಾರಣ ಯಂತ್ರಕ್ಕೆ ಕಾಣದ ಭೇದಗಳು ಇದಕ್ಕೆ ಕಾಣುತ್ತವೆ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಿಂದ ಹೂತುಹೋದ ಹರ್ಕ್ಯುಲೇನಿಯಮ್ ಪಟ್ಟಣದ ಪಪೈರಸ್ ಸುರುಳಿಗಳು ಇದ್ದಲಿನಂತಾಗಿವೆ. ೨೦೧೫ರಲ್ಲಿ ಗ್ರೆನೋಬಲ್ಲಿನ ಕಿರಣದಿಂದ ಅಂತಹ ಸುರುಳಿಯೊಂದರೊಳಗಿನ ಕೆಲವು ಅಕ್ಷರಗಳನ್ನು ಗುರುತಿಸಿದರು. ಅನಂತರ ಇಂಗ್ಲೆಂಡಿನ ಡೈಮಂಡ್ ಎಂಬ ಉಂಗುರದಲ್ಲಿ ತೆಗೆದ ಚಿತ್ರಗಳನ್ನು ಆಧರಿಸಿ ೨೦೨೩ರಲ್ಲಿ ಒಂದು ಸ್ಪರ್ಧೆಯನ್ನು ಏರ್ಪಡಿಸಲಾಯಿತು. ೨೦೨೪ರ ಫೆಬ್ರವರಿಯಲ್ಲಿ ಮೂವರು ತರುಣರಿಗೆ ಅದರ ಮುಖ್ಯ ಬಹುಮಾನವು ಸಂದಿತು. ಅವರು ಬೆಳಕಿಗೆ ತಂದ ಅಕ್ಷರಗಳು ಎರಡು ಸಾವಿರಕ್ಕೂ ಹೆಚ್ಚು. ವಿಷಯವು ಸುಖದ ವಿಚಾರವಾದ ತತ್ತ್ವಚರ್ಚೆ.

೪. ಮಸಿಯ ವಿಚಾರ

ಯಾವ ಮಾರ್ಗವನ್ನು ಹಿಡಿಯಬೇಕೆಂಬುದು ಮಸಿಯಿಂದ ನಿರ್ಣಯವಾಗತಕ್ಕದ್ದು. ಯೂರೋಪಿನ ಚರ್ಮಪತ್ರಗಳಲ್ಲಿ ಬಹುಮಟ್ಟಿಗೆ ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿ ಮಾಡಿದ ಮಸಿಯನ್ನು ಬಳಸಿದ್ದಾರೆ. ಅನ್ನಭೇದಿಯು ಕಬ್ಬಿಣದ ಲವಣವಾದುದರಿಂದ, ಬರಹವನ್ನು ಕೆರೆದರೂ ಚರ್ಮದೊಳಕ್ಕೆ ಇಳಿದ ಕಬ್ಬಿಣವು ಉಳಿದಿರುತ್ತದೆ.

ಕನ್ನಡನಾಡಿನ ಓಲೆಕಟ್ಟುಗಳ ಸ್ಥಿತಿ ಬೇರೆ. ಇಲ್ಲಿ ಕಂಟದಿಂದ ಓಲೆಯನ್ನು ಕೊರೆದು, ಆ ಗೀರುಗಳಿಗೆ ದೀಪದ ಕಾಡಿಗೆಯನ್ನೋ ಇದ್ದಲ ಕಪ್ಪನ್ನೋ ಸವರುವುದು ಪದ್ಧತಿ. ಇವೆರಡೂ ಅಂಗಾರ, ಎಂದರೆ ಕಾರ್ಬನ್. ಅಂಗಾರದ ಪ್ರತಿದೀಪ್ತಿಯು ೦.೨೮ ಕಿಲೋ ಎಲೆಕ್ಟ್ರಾನ್ ವೋಲ್ಟಿನಷ್ಟು ದುರ್ಬಲವಾದುದರಿಂದ ಗಾಳಿಯಲ್ಲಿಯೇ ಅಡಗಿಹೋಗುತ್ತದೆ. ಓಲೆಯೂ ಅಂಗಾರಮಯವಾದುದರಿಂದ ಅಕ್ಷರಕ್ಕೂ ಹಿನ್ನೆಲೆಗೂ ಭೇದವಿರುವುದಿಲ್ಲ. ಆದುದರಿಂದ ಆರ್ಕಿಮಿಡೀಸನ ಪ್ರತಿಗೆ ಫಲಿಸಿದ ಮಾರ್ಗವು ಓಲೆಗರಿಗೂ ಫಲಿಸುವುದೆಂದು ಭಾವಿಸಕೂಡದು. ಕಪ್ಪುಗಟ್ಟಿದ ಓಲೆಗಳಿಗೆ ರಕ್ತಾತೀತ ಕಿರಣಗಳ ಛಾಯಾಚಿತ್ರವೇ ಸುಲಭವಾದ ಉಪಾಯ. ಮಧ್ವಾಚಾರ್ಯರ ಸರ್ವಮೂಲಗ್ರಂಥಗಳ ಓಲೆಪ್ರತಿಯೊಂದನ್ನು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ ಮತ್ತು ರಾಜರ್ ಈಸ್ಟನ್ ಅವರು ಈ ಬಗೆಯಲ್ಲಿ ಚಿತ್ರಿಸಿದ ವಿಷಯವು ೨೦೦೬ರಲ್ಲಿ ಪ್ರಕಟವಾಯಿತು. ಆ ಕಟ್ಟಿನಲ್ಲಿ ೩೪೦ ಓಲೆಗಳು. ಒಂದೊಂದು ಓಲೆಯೂ ೨೬ ಅಂಗುಲ ಉದ್ದ, ೨ ಅಂಗುಲ ಅಗಲ. ಇದೇ ಈಸ್ಟನ್ ಅವರು ಆರ್ಕಿಮಿಡೀಸನ ಪ್ರತಿಯ ಕಾರ್ಯದಲ್ಲಿಯೂ ಭಾಗಿಗಳಾಗಿದ್ದರೆಂಬುದು ಗಮನಾರ್ಹ.

ಹಾಗೆಂದು ಕಪ್ಪು ಮಸಿಯೆಲ್ಲವೂ ಶುದ್ಧ ಅಂಗಾರವೆಂದೂ ಮೊದಲೇ ನಿಶ್ಚಯಿಸಿಬಿಡಬಾರದು. ಹರ್ಕ್ಯುಲೇನಿಯಮ್ಮಿನ ಮಸಿಯನ್ನು ಬಹುಕಾಲ ಹಾಗೆಯೇ ತಿಳಿದಿದ್ದರು. ೨೦೧೬ರಲ್ಲಿ ಗ್ರೆನೋಬಲ್ಲಿನ ಪರೀಕ್ಷೆಯಿಂದ ಕೆಲವು ತುಂಡುಗಳ ಮಸಿಯಲ್ಲಿ ಸೀಸವಿರುವುದು ಕಂಡುಬಂದಿತು. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಪ್ರತಿದೀಪ್ತಿಯಂತ್ರಗಳು ಈಗ ದೊರೆಯುತ್ತವೆ. ಮೊದಲು ಅದರಿಂದ ಮಸಿಯಲ್ಲಿ ಲೋಹವುಂಟೇ ಎಂದು ಪರೀಕ್ಷಿಸಿ, ಅನಂತರ ಮಹಾಯಂತ್ರದ ಮಾತನ್ನೆತ್ತತಕ್ಕದ್ದು.

೫. ಅರ್ಜಿಯೂ ಅನುಬಂಧಚತುಷ್ಟಯವೂ

ಕಿರಣಪಥದಲ್ಲಿ ಕಾಲಾವಕಾಶವನ್ನು ಅರ್ಜಿಯ ಮೂಲಕ ಪಡೆಯಬೇಕು. ಬಹುತೇಕ ಕೇಂದ್ರಗಳು ಗೊತ್ತಾದ ಅವಧಿಗಳಲ್ಲಿ ಅರ್ಜಿಗಳನ್ನು ಕರೆದು, ತಜ್ಞರ ಸಮಿತಿಯಿಂದ ವಿಮರ್ಶೆ ಮಾಡಿಸುತ್ತವೆ. ಹ್ಯಾಂಬರ್ಗಿನ ಉಂಗುರದಲ್ಲಿ ಭಾರತೀಯರಿಗೆ ಅವಕಾಶ ಕಲ್ಪಿಸುವ ಯೋಜನೆಯ ನಿರ್ವಹಣೆಯನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ವಹಿಸಿಕೊಂಡಿತು. ಇಂದೋರಿನ ಇಂಡಸ್-೨ರಲ್ಲಿ ಪ್ರತಿದೀಪ್ತಿಗಾಗಿಯೇ ಮೀಸಲಾದ ಕಿರಣಪಥವೊಂದುಂಟು.

ಶಾಸ್ತ್ರಗ್ರಂಥದ ಆರಂಭದಲ್ಲಿ ಹೇಳಬೇಕಾದ ನಾಲ್ಕು ಅನುಬಂಧಗಳು ಸಂಸ್ಕೃತಾಭ್ಯಾಸಿಗಳಿಗೆಲ್ಲ ಪರಿಚಿತವಾದುವು. ಅರ್ಜಿಗೂ ಬೇಕಾದುವು ಅವೇ. ವಿಷಯ: ಯಾವ ಪ್ರತಿಯ ಯಾವ ಪುಟದ ಯಾವ ಭಾಗ? “ಗ್ರಂಥವನ್ನೆಲ್ಲ ಪರೀಕ್ಷಿಸುವುದು” ಎಂದರೆ ಸಮಿತಿಯು ಒಪ್ಪುವುದಿಲ್ಲ. ಪ್ರಯೋಜನ: ಆ ಭಾಗವನ್ನು ಓದಿದರೆ ಯಾವ ಪ್ರಶ್ನೆಗೆ ಉತ್ತರ ದೊರೆಯುತ್ತದೆ? ಸಂಬಂಧ: ಪ್ರಶ್ನೆಗೂ ಸಾಧನಕ್ಕೂ ಹೊಂದಿಕೆಯೇನು, ಸಿಂಕ್ರೊಟ್ರಾನೇ ಏಕೆ, ಅಗ್ಗದ ಉಪಾಯಗಳಿಂದ ಏಕೆ ಆಗದು? ಅಧಿಕಾರಿ: ಕಾರ್ಯವನ್ನು ಮಾಡಲು ಯಾರಿಗೆ ಯೋಗ್ಯತೆಯುಂಟು? ಇಲ್ಲಿ ಲಿಪಿಜ್ಞ, ಪ್ರತಿಸಂರಕ್ಷಕ, ಭೌತವಿಜ್ಞಾನಿ ಈ ಮೂವರೂ ಇರಬೇಕು. ಇವುಗಳಲ್ಲಿ ದುರ್ಬಲವಾಗುವುದು ಸಾಮಾನ್ಯವಾಗಿ ಸಂಬಂಧವೇ. ಅರ್ಜಿಯನ್ನು ಬರೆಯುವ ಮೊದಲೇ ಆ ಕಿರಣಪಥದ ವಿಜ್ಞಾನಿಗಳಿಗೆ ಪತ್ರ ಬರೆದು, ಪ್ರತಿಯ ಅಳತೆ, ಮಸಿ, ಪ್ರಶ್ನೆ ಇವನ್ನು ತಿಳಿಸಿ ಅವರ ಅಭಿಪ್ರಾಯವನ್ನು ಪಡೆದರೆ ಈ ದೋಷವು ಪರಿಹಾರವಾಗುತ್ತದೆ.

೬. ಕಾಲದ ಲೆಕ್ಕ

ಕಾಲವನ್ನು ಎಂಟು ಗಂಟೆಗಳ ಪಾಳಿಗಳಾಗಿ ಹಂಚುವುದು ರೂಢಿ. ಒಂದು ತಂಡಕ್ಕೆ ದೊರೆಯುವುದು ಸಾಧಾರಣವಾಗಿ ಕೆಲವು ದಿನಗಳಷ್ಟೆ. ಆದಕಾರಣ ಲೆಕ್ಕವನ್ನು ಮೊದಲೇ ಹಾಕಬೇಕು. ಮೇಲೆ ಹೇಳಿದ ಓಲೆಯಷ್ಟೇ ಅಳತೆಯ, ಎಂದರೆ ೬೬ ಸೆಂಟಿಮೀಟರು ಉದ್ದ ೫ ಸೆಂಟಿಮೀಟರು ಅಗಲದ ಪತ್ರವೊಂದರಲ್ಲಿ ಲೋಹದ ಮಸಿಯಿದೆಯೆಂದಿಟ್ಟುಕೊಳ್ಳೋಣ. ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕೆ ಒಂದೊಂದು ಬಿಂದುವಿನಂತೆ ಚಿತ್ರಿಸಿದರೆ, ಉದ್ದಕ್ಕೆ ೧೩,೨೦೦, ಅಗಲಕ್ಕೆ ೧,೦೦೦, ಒಟ್ಟು ೧ ಕೋಟಿ ೩೨ ಲಕ್ಷ ಬಿಂದುಗಳು. ಬಿಂದುವೊಂದಕ್ಕೆ ಸೆಕೆಂಡಿನ ಸಾವಿರದ ಮೂರು ಭಾಗವಾದರೆ ೩೯,೬೦೦ ಸೆಕೆಂಡು, ಎಂದರೆ ೧೧ ಗಂಟೆ. ಅಂತಹ ೩೪೦ ಪತ್ರಗಳಿಗೆ ೩,೭೪೦ ಗಂಟೆ. ಹಗಲಿರುಳು ನಡಸಿದರೂ ಸುಮಾರು ೧೫೬ ದಿನ. ಪ್ರತಿಯನ್ನು ಬದಲಾಯಿಸುವ, ಕಿರಣವನ್ನು ಸರಿಪಡಿಸುವ ಕಾಲವು ಇದರಲ್ಲಿ ಸೇರಿಲ್ಲ.

ಬಿಂದುವಿನ ಅಳತೆಯನ್ನು ಇಮ್ಮಡಿಮಾಡಿದರೆ ಕಾಲವು ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಮೊದಲು ದೊಡ್ಡ ಬಿಂದುಗಳಿಂದ ಸ್ಥೂಲಚಿತ್ರವನ್ನು ತೆಗೆದು, ಬರಹವಿರುವ ಎಡೆಯನ್ನು ಕಂಡು, ಅದನ್ನು ಮಾತ್ರ ಸೂಕ್ಷ್ಮವಾಗಿ ಚಿತ್ರಿಸುವುದು ಸರಿಯಾದ ಕ್ರಮ. ಯಾವ ಹತ್ತು ಸಾಲುಗಳು ಗ್ರಂಥಕ್ಕೆ ಜೀವಾಳವೆಂಬುದನ್ನು ಹೇಳಬಲ್ಲವನು ಭಾಷಾಶಾಸ್ತ್ರಜ್ಞನೊಬ್ಬನೇ. ಆತನು ಆದ್ಯತೆಯ ಪಟ್ಟಿಯನ್ನು ಬರೆದುಕೊಂಡೇ ಹೋಗಬೇಕು.

೭. ಪ್ರತಿಯ ಸಿದ್ಧತೆ

ಒಡೆಯರ ಲಿಖಿತ ಅನುಮತಿಯಿಲ್ಲದೆ ಯಾವ ಪ್ರತಿಯನ್ನೂ ಕಿರಣಕ್ಕೆ ಒಡ್ಡಕೂಡದು. ಅನುಮತಿಪತ್ರದಲ್ಲಿ ಹಾನಿಯ ಸಂಭವವನ್ನು ಮುಚ್ಚಿಡದೆ ತಿಳಿಸಿರಬೇಕು. ಪ್ರಯಾಣಕ್ಕೆ ಮೊದಲು ಪ್ರತಿಯ ಎಲ್ಲ ಭಾಗಗಳ ಛಾಯಾಚಿತ್ರವನ್ನು ತೆಗೆಯತಕ್ಕದ್ದು. ವಿದೇಶಕ್ಕೆ ಒಯ್ಯುವುದಾದರೆ ಎಪ್ಪತ್ತೈದು ವರ್ಷ ತುಂಬಿದ ಪ್ರತಿಗೆ ಸರ್ಕಾರದ ಅನುಜ್ಞೆಯ ವಿಚಾರವೂ ಬರುತ್ತದೆ. ಬಳಿಕ, ಪ್ರತಿಯನ್ನು ಹಿಡಿದು ನಿಲ್ಲಿಸುವ ಚೌಕಟ್ಟು. ಪತ್ರವನ್ನು ಬಿಗಿಯದೆ, ಬಾಗಿಸದೆ, ಸರಿಸುವಾಗ ಅಲುಗದಂತೆ ಅದು ಹಿಡಿಯಬೇಕು. ಅದರ ಲೋಹದ ಭಾಗಗಳು ಕಿರಣದ ಹಾದಿಗೆ ಬರಬಾರದು. ಇದೇ ಅಳತೆಯ ಹೊಸ ಪತ್ರವೊಂದರ ಮೇಲೆ ಅದೇ ಬಗೆಯ ಮಸಿಯಿಂದ ಬರೆದು, ಕೆರೆದು, ಅದನ್ನು ಮೊದಲು ಕಿರಣಕ್ಕೆ ಒಡ್ಡಿ ಎಲ್ಲ ಏರ್ಪಾಡುಗಳನ್ನೂ ಪರೀಕ್ಷಿಸತಕ್ಕದ್ದು. ಮೂಲಪ್ರತಿಯು ಪೆಟ್ಟಿಗೆಯಿಂದ ಹೊರಬರಬೇಕಾದದ್ದು ಈ ಪೂರ್ವಪ್ರಯೋಗವು ನಿರ್ದುಷ್ಟವಾಗಿ ಮುಗಿದ ಮೇಲೆಯೇ.

೮. ಕಿರಣಕೋಷ್ಠದಲ್ಲಿ

ಕೇಂದ್ರಕ್ಕೆ ಹೋದವರೆಲ್ಲರೂ ಮೊದಲು ರಕ್ಷಣಾಶಿಕ್ಷಣವನ್ನು ಪಡೆಯಬೇಕು. ಪರೀಕ್ಷೆ ನಡೆಯುವುದು ಕಿರಣವು ಹೊರಬಾರದಂತೆ ಕಟ್ಟಿದ ಕೋಷ್ಠದಲ್ಲಿ. ಒಳಗೆ ಯಾರೂ ಇಲ್ಲವೆಂದು ಸುತ್ತಿ ನೋಡಿ, ಗೊತ್ತಾದ ಗುಂಡಿಗಳನ್ನು ಕ್ರಮವಾಗಿ ಒತ್ತಿ, ಬಾಗಿಲನ್ನು ಮುಚ್ಚಿದಲ್ಲದೆ ಕಿರಣದ ತೆರೆಯು ತೆರೆಯುವುದಿಲ್ಲ. ಅವಸರದಲ್ಲಿಯೂ ಈ ಶೋಧನೆಯನ್ನು ಕಾಟಾಚಾರಕ್ಕೆ ಮಾಡಬಾರದು.

ಕಿರಣದ ಶಕ್ತಿಯನ್ನು ಆರಿಸುವುದರಲ್ಲಿ ವಿವೇಕ ಬೇಕು. ಕಬ್ಬಿಣವು ಪ್ರತಿದೀಪ್ತವಾಗಬೇಕಾದರೆ ಕಿರಣದ ಶಕ್ತಿಯು ೭.೧ ಕಿಲೋ ಎಲೆಕ್ಟ್ರಾನ್ ವೋಲ್ಟನ್ನು ಮೀರಿರಬೇಕು. ಚಿನ್ನದ ಒಂದು ಮುಖ್ಯವಾದ ಮೇರೆ ೧೧.೯. ಚಿನ್ನದ ಅಡಿಯ ಕಬ್ಬಿಣವನ್ನು ಹುಡುಕುವಾಗ ಇವೆರಡರ ನಡುವಣ ಶಕ್ತಿಯನ್ನು ಆರಿಸಿದರೆ ಚಿನ್ನದ ಆ ದೀಪ್ತಿಯು ಅಡ್ಡಬರುವುದಿಲ್ಲ.

ಕೆಲಸವು ರಾತ್ರಿಯಲ್ಲಿಯೂ ನಡೆಯುವುದರಿಂದ ಸರದಿಯನ್ನು ಮೊದಲೇ ಗೊತ್ತುಮಾಡಬೇಕು. ಪ್ರತಿಯೊಂದು ಚಿತ್ರಕ್ಕೂ ಪುಟದ ಸಂಖ್ಯೆ, ಮುಖ, ಶಕ್ತಿ, ಬಿಂದುವಿನ ಅಳತೆ, ಕಾಲ, ಕಡತದ ಹೆಸರು ಇವನ್ನು ದಿನಚರಿಯಲ್ಲಿ ಆಗಿಂದಾಗಲೇ ಬರೆಯತಕ್ಕದ್ದು. ಬರೆಯದೆ ಬಿಟ್ಟ ಚಿತ್ರವು ಪುಷ್ಪಿಕೆಯಿಲ್ಲದ ಪ್ರತಿಯಂತೆ. ಯಾವಾಗ ಯಾರು ಏನನ್ನು ಮಾಡಿದರೆಂಬುದು ಮುಂದೆ ಊಹೆಗೆ ಬಿಟ್ಟದ್ದಾಗುತ್ತದೆ.

೯. ಕಿರಣದಿಂದಾಗುವ ಹಾನಿ

ಕ್ಷ-ಕಿರಣವು ಮುಟ್ಟದೆ ಓದುತ್ತದೆಯೆಂಬ ಮಾತು ಅರ್ಧಸತ್ಯ. ಕಿರಣವು ಹೀರಲ್ಪಟ್ಟೆಡೆಯಲ್ಲಿ ಅದರ ಶಕ್ತಿಯು ವಸ್ತುವಿನಲ್ಲಿ ಉಳಿದು, ಅಣುಗಳ ಬಂಧಗಳನ್ನು ಮುರಿಯಬಲ್ಲುದು. ಪ್ರಷ್ಯನ್ ನೀಲಿಯಂತಹ ಕೆಲವು ಬಣ್ಣಗಳು ಮಾರ್ಪಡುವುದುಂಟು. ಚರ್ಮಪತ್ರದ ಕಾಲಜನ್ ತಂತುಗಳು ಶಿಥಿಲವಾಗಬಹುದು. ಪ್ರತಿಯಲ್ಲಿರಬಹುದಾದ ಪ್ರಾಣಿ ಅಥವಾ ಸಸ್ಯಗಳ ವಂಶಾಣುವಸ್ತುವಿಗೂ ಹೆಚ್ಚಿನ ಪ್ರಮಾಣವು ಹಾನಿಕರ. ಅದನ್ನು ಪರೀಕ್ಷಿಸುವ ಉದ್ದೇಶವಿದ್ದರೆ ಆ ಕಾರ್ಯವನ್ನು ಮೊದಲೇ ಮಾಡತಕ್ಕದ್ದು. ಎಲ್ಲ ವಿಕಾರಗಳೂ ಕೂಡಲೆ ಕಣ್ಣಿಗೆ ಕಾಣುವುದಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಭಯ.

ಆದಕಾರಣ ಅಕ್ಷರವನ್ನು ಗುರುತಿಸಲು ಸಾಕಾದಷ್ಟೇ ಕಿರಣವನ್ನು ಬಳಸಬೇಕು. ಚಿತ್ರವು ಇನ್ನೂ ಅಂದವಾಗಲೆಂದು ಎರಡನೆಯ ಸಲ ಒಡ್ಡಬಾರದು. ಪ್ರತಿಯನ್ನು ಸರಿಸುವ ಯಂತ್ರವು ನಿಂತರೆ ಕಿರಣದ ತೆರೆಯೂ ತಾನಾಗಿ ಮುಚ್ಚುವಂತೆ ಏರ್ಪಡಿಸಬೇಕು. ಏಕೆಂದರೆ ಒಂದೇ ಬಿಂದುವಿನ ಮೇಲೆ ನಿಮಿಷಗಟ್ಟಲೆ ನಿಂತ ಕಿರಣವು ಇಡೀ ಚಿತ್ರಣದಲ್ಲಿ ಆ ಬಿಂದುವಿಗೆ ಸಲ್ಲಬೇಕಾದುದರ ಸಾವಿರಾರು ಪಾಲನ್ನು ಅಲ್ಲಿ ಸುರಿಯುತ್ತದೆ. ಪರೀಕ್ಷೆಗೆ ಮುಂಚೆಯೂ ಅನಂತರವೂ ಸೂಕ್ಷ್ಮದರ್ಶಕದಿಂದ ನೋಡಿ ಹೋಲಿಸತಕ್ಕದ್ದು. ಯಾವ ಭಾಗಕ್ಕೆ ಎಷ್ಟು ಕಿರಣವು ಬಿದ್ದಿತೆಂಬುದನ್ನು ಪ್ರತಿಯ ಸಂರಕ್ಷಣಾಪತ್ರದಲ್ಲಿ ಬರೆದಿಡತಕ್ಕದ್ದು. ಮುಂದೆ ಅದೇ ಪ್ರತಿಯನ್ನು ಇನ್ನೂ ಉತ್ತಮವಾದ ಸಾಧನದಿಂದ ಪರೀಕ್ಷಿಸುವವರಿಗೆ ಈ ವಿವರವನ್ನು ಕೊಡುವುದು ಇಂದಿನವರ ಋಣ.

೧೦. ಪಾಠನಿರ್ಣಯ

ಚಿತ್ರಪಟದಲ್ಲಿ ಪ್ರತ್ಯಕ್ಷವಾಗುವುದು ಕಬ್ಬಿಣವೇ ಹೊರತು ಅಕ್ಷರವಲ್ಲ. ಅಕ್ಷರವು ಅನುಮಾನದಿಂದ ಸಿದ್ಧವಾಗತಕ್ಕದ್ದು. “ಇಲ್ಲಿ ಮಸಿಯುಂಟು, ಕಬ್ಬಿಣವಿರುವುದರಿಂದ” ಎಂಬ ಹೇತುವು ಸವ್ಯಭಿಚಾರವಾದದ್ದು. ಏಕೆಂದರೆ ಕಬ್ಬಿಣವು ಧೂಳಿನಲ್ಲಿಯೂ, ಕಾವಿಬಣ್ಣದಲ್ಲಿಯೂ, ತುಕ್ಕಿನ ಕಲೆಯಲ್ಲಿಯೂ ಇರುತ್ತದೆ. ಕ್ಯಾಲ್ಸಿಯಮ್, ತಾಮ್ರ, ಸತು ಮೊದಲಾದ ಇತರ ವಸ್ತುಗಳ ಚಿತ್ರಪಟಗಳೊಡನೆ ಹೋಲಿಸಿದಾಗ ಮಾತ್ರ ಹೇತುವು ದೃಢವಾಗುತ್ತದೆ. ಪತ್ರವು ತೆಳುವಾದುದರಿಂದ ಹಿಂಬದಿಯ ಬರಹವೂ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಅದೇ ಚಿತ್ರದಲ್ಲಿ ಸೇರಿರುತ್ತದೆ. ಪುನರ್ಲಿಖಿತ ಪತ್ರದಲ್ಲಿ ಹೀಗೆ ನಾಲ್ಕು ಬರಹಗಳು ಒಂದರಮೇಲೊಂದು ಬೀಳುವ ಸಂಭವವುಂಟು.

ಆದುದರಿಂದ ಇಬ್ಬರು ಲಿಪಿಜ್ಞರು ಪ್ರತ್ಯೇಕವಾಗಿ ಓದಿ, ಆಮೇಲೆ ಪಾಠಗಳನ್ನು ಹೋಲಿಸುವುದು ಯುಕ್ತ. ಸ್ಪಷ್ಟವಾಗಿ ಕಂಡ ಅಕ್ಷರ, ಸಂದಿಗ್ಧವಾದ ಅಕ್ಷರ, ಸಂಪಾದಕನು ಪೂರಿಸಿದ ಅಕ್ಷರ ಈ ಮೂರನ್ನೂ ಬೇರೆಬೇರೆ ಚಿಹ್ನೆಗಳಿಂದ ಮುದ್ರಿಸಬೇಕು. ತನಗೆ ಪ್ರಿಯವಾದ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರವನ್ನು ನೋಡುವವನಿಗೆ ಮಂಜಿನಲ್ಲಿಯೂ ಅದೇ ಅಕ್ಷರವು ಕಾಣುತ್ತದೆ. ಗಣಕಯಂತ್ರವು ಊಹಿಸಿ ಕೊಟ್ಟ ಅಕ್ಷರಗಳ ವಿಷಯದಲ್ಲಿ ಈ ಎಚ್ಚರಿಕೆಯು ಮತ್ತಷ್ಟು ಆವಶ್ಯಕ. ಸಂಸ್ಕರಿಸಿದ ಚಿತ್ರಗಳೊಡನೆ ಸಂಸ್ಕಾರವಿಲ್ಲದ ಮೂಲದತ್ತಾಂಶವನ್ನೂ ಇತರರ ಪರೀಕ್ಷೆಗೆ ದೊರೆಯುವಂತೆ ಇಡಬೇಕು. ಆರ್ಕಿಮಿಡೀಸನ ಪ್ರತಿಯ ಚಿತ್ರಗಳನ್ನು ೨೦೦೮ರಲ್ಲಿ ಸರ್ವರಿಗೂ ಬಿಟ್ಟುಕೊಟ್ಟದ್ದು ಈ ವಿಷಯದಲ್ಲಿ ಮಾದರಿ.

೧೧. ಉಪಸಂಹಾರ

ಮೇಲ್ಕಂಡ ವಿವರಗಳಿಂದ ಫಲಿತವಾಗುವುದಿಷ್ಟು: ಮಸಿಯಲ್ಲಿ ಲೋಹವಿದ್ದು ಬರಹವು ಮುಚ್ಚಿಹೋಗಿದ್ದರೆ ಪ್ರತಿದೀಪ್ತಿ, ಸುರುಳಿಯು ಬಿಚ್ಚಲಾರದ್ದಾಗಿದ್ದರೆ ಅಂತರ್ದರ್ಶನ, ಕಾಡಿಗೆ ಸವರಿದ ಓಲೆಯಾಗಿದ್ದರೆ ಮೊದಲು ರಕ್ತಾತೀತ ಛಾಯಾಚಿತ್ರ. ಕನ್ನಡನಾಡಿನ ಭಂಡಾರಗಳಲ್ಲಿ ಓಲೆಗಳೊಡನೆ ಕಾಗದದ ಪ್ರತಿಗಳೂ ಬಣ್ಣದ ಚಿತ್ರಗಳುಳ್ಳ ಪ್ರತಿಗಳೂ ಇವೆ. ಅವುಗಳ ಸೂಚೀಪತ್ರಗಳಲ್ಲಿ ಕರ್ತೃ, ಕಾಲ, ಗರಿಗಳ ಸಂಖ್ಯೆ ಇವುಗಳೊಡನೆ ಮಸಿಯ ಜಾತಿಯನ್ನೂ ಬಣ್ಣಗಳ ದ್ರವ್ಯವನ್ನೂ ಸಣ್ಣ ಯಂತ್ರದಿಂದ ಪರೀಕ್ಷಿಸಿ ನಮೂದಿಸುವ ಪದ್ಧತಿಯನ್ನು ಆರಂಭಿಸಿದರೆ, ಯಾವ ಪ್ರತಿಯನ್ನು ಮಹಾಯಂತ್ರದವರೆಗೆ ಒಯ್ಯಬೇಕು, ಯಾವುದನ್ನು ಒಯ್ಯದಿರುವುದೇ ಲೇಸು ಎಂಬುದು ಭಂಡಾರದಲ್ಲಿಯೇ ತೀರ್ಮಾನವಾಗುತ್ತದೆ. ಈ ಕಾರ್ಯಕ್ಕೆ ಬೇಕಾದದ್ದು ಉಂಗುರವಲ್ಲ, ಸೂಚೀಕಾರರ ಶ್ರದ್ಧೆ. ಇದನ್ನು ಇಂದೇ ಆರಂಭಿಸಬಹುದು.